ಹಗೇವಿನಲ್ಲೊಂದು ಸೂಜಿ

ಶಿಕಾರಿಪುರ
೯ ಸೆಪ್ಟೆಂಬರ್ ೧೯೯೭, ಮಂಗಳವಾರ

ಸೊರಬದ ಗೊಬ್ಬರದಂಗಡಿ ಚನ್ನೇಶ್ ಅವರ ಸನ್ನಿಧಾನಕ್ಕೆ, ಬರುವ ಭಾನುವಾರದವರೆಗಾದರೂ ಅವರ ಧರ್ಮಪತ್ನಿ ಎಂದು ದಾಖಲೆಯಲ್ಲಿರುವ ಗಂಗಾಶ್ರೀಯ ಶರಣು ಶರಣಾರ್ಥಿ.

ನಿಮ್ಮ ಕಾರ್ಡು ತಲುಪಿತು. ಕವರಿನಲ್ಲಿ ಹಾಕದೆ ಕಾರ್ಡಿನಲ್ಲೇ ಬರೆದದ್ದು ಬಹಳ ಒಳ್ಳೆಯದಾಯಿತು. ನನಗಿಂತ ಮುಂಚೆ ಪೋಸ್ಟ್‌ಮ್ಯಾನ್ ಓದಿದ್ದ, ಪಕ್ಕದ ಹಿಟ್ಟಿನ ಗಿರಣಿಯವರು ಓದಿದ್ದರು, ಅವರು ಅದನ್ನು ನಮ್ಮಜ್ಜಿ ಬಸವಣ್ಣೆಮ್ಮನಿಗೆ ಗಿರಣಿಯ ಸದ್ದಿನ ಮೇಲೆ ಗಟ್ಟಿಯಾಗಿ ಓದಿ ಹೇಳಿದ್ದರು. ನನ್ನ ಕೈಗೆ ಬರುವ ಹೊತ್ತಿಗೆ ಅದು ಪತ್ರವಾಗಿ ಉಳಿದಿರಲಿಲ್ಲ, ಡಂಗುರವಾಗಿತ್ತು. ಅದರ ಸಾರಾಂಶ ಇಡೀ ಓಣಿಗೆ ಬಾಯಿಪಾಠ: ಭಾನುವಾರ ಹಿರಿಯರು ಬರುತ್ತಾರೆ; ನಾನು ಅವರ ಮುಂದೆ ತಾಳಿ ತೋರಿಸಬೇಕು; ತೋರಿಸಿ, ನನ್ನ ಪ್ರಯೋಗದ ಯಂತ್ರವನ್ನು ಇಲ್ಲೇ ಬಿಟ್ಟು, ಅವರು ತಂದ ಗಾಡಿಯಲ್ಲೇ ಸೊರಬಕ್ಕೆ ಹೊರಡಬೇಕು; ಇಲ್ಲವಾದರೆ "ಮುಂದಿನದು ಹಿರಿಯರು ಹೇಳಿದಂತೆ." ಮುಂದಿನದು ಅಂದರೆ ಸೋಡಚೀಟಿ ಅಂತ ಬರೆಯಲು ನಿಮಗೆ ಕೈ ಬರಲಿಲ್ಲ. ಆ ಮಟ್ಟಿಗೆ ನಿಮ್ಮ ಕೈ ನಿಮಗಿಂತ ಮೇಲು.

ಕಾರ್ಡಿನಲ್ಲಿ ಜಾಗ ಕಡಿಮೆ ಇದ್ದುದರಿಂದ ಆರೋಪ ಏನು ಅಂತ ನೀವು ಬರೆದಿಲ್ಲ. ಪರವಾಗಿಲ್ಲ, ಸೊರಬದ ಬಸ್ಸು ದಿನಾ ಸುದ್ದಿ ತರುತ್ತದೆ. ನಾನು ನಿಮ್ಮ ಮನೆಯವರು ಕಟ್ಟಿದ ತಾಳಿಯನ್ನು ಹಿತ್ತಲಿನಲ್ಲಿ ಬೆಂಕಿಗೆ ಹಿಡಿದು ಕರಗಿಸಿದ್ದೇನೆ, ಅದನ್ನು ಯಂತ್ರಕ್ಕೆ ಹಾಕಿದ್ದೇನೆ ಅಂತ. ಇದಕ್ಕೆ ಪ್ರತ್ಯಕ್ಷ ಸಾಕ್ಷಿ ನಿಮ್ಮ ಚಿಕ್ಕಪ್ಪ ಮಹೇಶ್ವರಪ್ಪನವರು.

ಅವರು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಶ್ರಾವಣದ ಒಂದು ಮಧ್ಯಾಹ್ನ. ಯೋಗಕ್ಷೇಮ ವಿಚಾರಿಸಲು ಬಂದೆ ಅಂದರು, ಅಜ್ಜಿ ಚಾಪೆ ಹಾಕಿದಳು, ನಾನು ಹಿತ್ತಲಿನಲ್ಲಿದ್ದೆ. ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಬಂದು ಕಂಡದ್ದು ಇಷ್ಟು: ಸೊಸೆಯ ಕುತ್ತಿಗೆ ಬೋಳು, ಸೊಸೆಯ ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲಿ ಚಿನ್ನದ ತಂತಿ, ತಂತಿಯ ತುದಿ ಉರಿಯಲ್ಲಿ ಕರಗಿ ನವಣೆ ಕಾಳಿನಂತೆ ದುಂಡಗಾಗುತ್ತಿದೆ. ನಾನು ಬನ್ನಿ ಮಾವಾ ಅಂದೆ. ಕಾಳು ಕೆಡುತ್ತದೆ ಅಂತ ಎದ್ದು ನಿಲ್ಲಲಿಲ್ಲ. ಅದೂ ಒಂದು ಅಪರಾಧವಿರಬೇಕು. ಅವರು ಚಹಾ ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿದರು. "ಬೀಗ್ರೇ, ಬೆಲ್ಲ ಕಡಿಮಿ ಆತೇನ್ರಿ?" ಅಂತ ಅಜ್ಜಿ ಬಾಗಿಲವರೆಗೂ ಕೇಳಿಕೊಂಡು ಹೋದಳು. ಬಸ್ಸು ಶಿರಾಳಕೊಪ್ಪ ಮುಟ್ಟಿದಾಗ ಕರಗಿದ್ದು ತಾಳಿಯೊಂದೇ. ಸೊರಬದಲ್ಲಿ ಇಳಿಯುವಾಗ ತಾಳಿ, ಸರ, ಬಳೆ ನಾಲ್ಕು. ಅವರು ಇನ್ನೂ ಮುಂದೆ ಪ್ರಯಾಣ ಮಾಡಿದ್ದರೆ ನಮ್ಮಪ್ಪ ಪಂಚಾಕ್ಷರಪ್ಪನವರ ಟ್ರ್ಯಾಕ್ಟರೂ ಕರಗಿರುತ್ತಿತ್ತು.

ಈಗ ಪ್ರತಿವಾದಿಯ ಹೇಳಿಕೆ. ಉರಿಗೆ ಹಿಡಿದ ತಂತಿ ವಿಶ್ವವಿದ್ಯಾಲಯದ್ದು, ನಮ್ಮ ಪಿಎಚ್‌ಡಿ ಗೈಡ್ ಸಾಹೇಬರು ಬೀರುವಿನ ಬೀಗ ತೆಗೆದು, ಬೆರಳುದ್ದ ಕತ್ತರಿಸಿ, ಸಹಿ ಹಾಕಿಸಿಕೊಂಡು ಕೊಟ್ಟದ್ದು. ಅದು ಅಪ್ಪಟ ಚಿನ್ನ. ಕರಗಿಸಿ ನಿಧಾನವಾಗಿ ಆರಿಸಿದರೆ ಆ ಕಾಳಿನ ಮೈಮೇಲೆ ಸಾಸಿವೆಯ ಚೂರಿನಷ್ಟು ಚಪ್ಪಟೆ ಮುಖಗಳು ತಾವೇ ಮೂಡುತ್ತವೆ. ಹೊಸ ಮನೆಗೆ ಹಾಸುಗಲ್ಲು ಜೋಡಿಸಿದ ಹಾಗೆ ಪರಮಾಣುಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ನನಗೆ ಬೇಕಾದದ್ದು ಆ ನೆಲ. ನಿಮ್ಮ ಮನೆಯವರು ಹಾಕಿದ ಒಡವೆ ಇಪ್ಪತ್ತೆರಡು ಕ್ಯಾರೆಟ್ಟಿನದು; ಅದರಲ್ಲಿ ತಾಮ್ರ ಬೆರೆತಿದೆ. ಕಾಲಿಗೆ ಬಿದ್ದು ಕೊಟ್ಟಿದ್ದರೂ ನಾನು ಅದನ್ನು ಪ್ರಯೋಗಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅತ್ತೆಯವರ ಬಳೆ ಮದುವೆಮನೆಗೆ ಶೋಭೆ, ನನ್ನ ಕೆಲಸಕ್ಕೆ ಕೊಳೆ. ಇದನ್ನು ಅವಮಾನ ಅಂತ ತಿಳಿಯಬಾರದು, ರಸಾಯನಶಾಸ್ತ್ರ ಅಂತ ತಿಳಿಯಬೇಕು. ಇನ್ನು ಆ ದಿನ ಅಗ್ನಿಪರೀಕ್ಷೆ ಆದದ್ದು ತಂತಿಗೆ. ನನಗೂ ಒಂದು ಆಗಲಿ ಅಂತ ಯಾರಾದರೂ ಗಾಡಿ ಮಾಡಿಕೊಂಡು ಬರುತ್ತಿದ್ದರೆ ಡೀಸೆಲ್ಲು ದಂಡ.

ಕುತ್ತಿಗೆ ಯಾಕೆ ಬೋಳು ಅಂದರೆ, ಅಜ್ಜಿ ನನಗೆ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿದ್ದಾಳೆ. ಕೆಲಸಕ್ಕೆ ಕೂರುವಾಗ ಅದನ್ನು ಬಿಚ್ಚಿ ಗೂಟಕ್ಕೆ ಹಾಕುತ್ತೇನೆ. ಅರಿಶಿನದ ಧೂಳು ಒಂದು ಕಣ ಬಿದ್ದರೂ ನನ್ನ ಚಿನ್ನದ ಮುಖ ಹಾಳು. ತಾಳಿ ಇರಬೇಕಾದಲ್ಲಿ ಅರಿಶಿನದ ಕೊಂಬು ಯಾಕೆ ಬಂತು ಅನ್ನುವುದು ಒಳ್ಳೆಯ ಪ್ರಶ್ನೆ. ಹಿರಿಯರಿಗೆ ಹೊಳೆಯದಿರಬಹುದು. ನಿಮಗೆ ಹೊಳೆಯಬೇಕಿತ್ತು. ಅಲ್ಲಿಗೆ ಬರುತ್ತೇನೆ.

ನೇಲ್ ಪಾಲಿಶ್ ವಿಷಯವೂ ಸೊರಬ ಮುಟ್ಟಿದೆಯಂತೆ. ಗಂಡನ ಮನೆ ಬಿಟ್ಟು ಬಂದವಳು ಬಳೆ ಅಂಗಡಿಯಲ್ಲಿ ಕೆಂಪು ನೇಲ್ ಪಾಲಿಶ್ ಮೂರು ಸೀಸೆ ಕೊಂಡಳು ಅಂತ. ಕೊಂಡಿದ್ದೇನೆ. ಹಚ್ಚುವುದು ಸೂಜಿಗೆ. ನನ್ನ ಸೂಜಿ ಆಮ್ಲದಲ್ಲಿ ಮುಳುಗಿ ಕೆಲಸ ಮಾಡಬೇಕು. ಕರೆಂಟು ಮೈಯೆಲ್ಲ ಸೋರಬಾರದು, ತುದಿಯಲ್ಲಿ ಮಾತ್ರ ಹರಿಯಬೇಕು. ಅದಕ್ಕೆ ಮೈಗೆಲ್ಲ ಬಣ್ಣ ಬಳಿದು ತುದಿಯೊಂದನ್ನು ಬರಿದಾಗಿ ಬಿಡುತ್ತೇನೆ. ನಮ್ಮಿಬ್ಬರಲ್ಲಿ ಈಗ ಸಿಂಗಾರ ಮಾಡಿಕೊಳ್ಳುವುದು ಅದೊಂದೇ.

ಮತ್ತೆ ಹಗೇವು. ಎಂಟು ತಿಂಗಳಿಂದ ಸೊಸೆ ಹಗೇವಿನಲ್ಲಿ ಕೂತಿದ್ದಾಳೆ ಅನ್ನುತ್ತಾರಲ್ಲ, ಅವರಿಗೆ ನೀವು ಜನವರಿಯ ಕಥೆ ಹೇಳಿಲ್ಲ ಅಂತಾಯಿತು. ವಿಶ್ವವಿದ್ಯಾಲಯದಲ್ಲಿ ನಮ್ಮ ಪ್ರಯೋಗಶಾಲೆ ಮೂರನೇ ಮಹಡಿಯಲ್ಲಿತ್ತು. ಕೆಳಗೆ ಲಾರಿ ಹೋದರೆ ಯಂತ್ರ ಬರೆಯುವ ಚಿತ್ರ ನಡುಗುತ್ತಿತ್ತು, ಗೈಡ್ ಸಾಹೇಬರು ಕೆಮ್ಮಿದರೂ ನಡುಗುತ್ತಿತ್ತು. ಅದುರದ ನೆಲ ಬೇಕು ಅಂತ ನಾನು ಅತ್ತಾಗ, ಶಿಕಾರಿಪುರದ ನಿಮ್ಮ ಮನೆ ಹಗೇವು ಖಾಲಿ ಇದೆಯಲ್ಲ ಅಂದವರು ಯಾರು ರೀ? ಸೊರಬದಲ್ಲಿ ಮೂರಡಿ ತೋಡಿದರೆ ನೀರು, ಇಲ್ಲಿ ಮುತ್ತಾತ ಜೋಳ ತುಂಬಲು ತೋಡಿಸಿದ ಗುಂಡಿ ಇವತ್ತಿಗೂ ಒಣಗಿದೆ ಅಂತ ನನ್ನ ತವರನ್ನು ಹೊಗಳಿದವರು ಯಾರು? ಯಂತ್ರವನ್ನು ಎದೆಗವಚಿಕೊಂಡು ಏಣಿ ಇಳಿದವರು ನೀವು. ಸೈಕಲ್ ಟ್ಯೂಬು ಸೀಳಿ, ನಾಲ್ಕು ಮೂಲೆಗೆ ಬಿಗಿದು, ಯಂತ್ರದ ಹಲಗೆಯನ್ನು ತೂಗುಹಾಕಿದವರು ನೀವು. ತೂಗಿ ನೋಡಿ, "ತೊಟ್ಟಿಲಿನ ಹಾಗೇ ಆಯ್ತಲ್ಲೇ" ಅಂತ ನಕ್ಕವರೂ ನೀವೇ. ಆ ತೊಟ್ಟಿಲಿನ ಮಾತು ಈಗ ನಿಮ್ಮ ಕಡೆಯ ಹೆಂಗಸರ ಬಾಯಲ್ಲಿ "ತೊಟ್ಟಿಲು ಕಟ್ಟಿದ್ದಾಳಂತೆ, ಮಲಗಿಸೋಕೆ ಮಾತ್ರ ಯಾರೂ ಇಲ್ಲ" ಅಂತಾಗಿದೆ. ಹೇಳಿ ಅವರಿಗೆ, ಮಲಗಿರುವುದು ಒಂದು ಸೂಜಿ, ಅದು ಯಾರ ಮಡಿಲೂ ಒದ್ದೆ ಮಾಡುವುದಿಲ್ಲ.

ಹದಿನೈದು ದಿನ ಅಂದಿದ್ದೆ, ಎಂಟು ತಿಂಗಳಾಯಿತು. ನಿಜ. ಗೌರಿ ಹಬ್ಬಕ್ಕೆ ಸೊಸೆಯರು ತವರಿಗೆ ಹೋಗುವುದುಂಟು. ನಾನು ಸ್ವಲ್ಪ ಮುಂಚೆ ಬಂದೆ ಅಂದುಕೊಳ್ಳಿ. ತಡವಾಗಲು ಕಾರಣ ಅಜ್ಜಿಯೂ ಹೌದು. ಹಗೇವು ಬರಿದಾಗಿರಬಾರದು, ಮನೆಗೆ ಒಳ್ಳೆಯದಲ್ಲ ಅಂತ ಅವಳು ನನಗೆ ಗೊತ್ತಾಗದ ಹಾಗೆ ಪ್ರತಿ ಸೋಮವಾರ ಒಂದು ಬೊಗಸೆ ಜೋಳ ಸುರಿಯುತ್ತಿದ್ದಳು. ಜೋಳಕ್ಕೆ ಇಲಿ ಬಂತು, ಇಲಿಗೆ ನಿಮ್ಮ ಟ್ಯೂಬು ರುಚಿಸಿತು, ಏಪ್ರಿಲ್ ತಿಂಗಳಿಡೀ ನನ್ನ ಪರಮಾಣುಗಳೆಲ್ಲ ಕುಣಿದಾಡಿದವು. ಕಾರಣ ಸಿಕ್ಕಾಗ ಅಜ್ಜಿಯನ್ನು ಕೇಳಿದೆ. "ನಿನ್ ಸೂಜಿ ಏನ್ ತಿಂತೈತೋ ನಂಗೇನ್ ಗೊತ್ತವ್ವಾ, ಉಪಾಸ ಇರಬಾರ್ದು ಅಂತ ಹಾಕ್ದೆ" ಅಂದಳು. ಇಂಥವಳ ಮನೆಗೆ ನೀವು ಪಂಚಾಯ್ತಿ ಕಳಿಸುತ್ತಿದ್ದೀರಿ.

ಅವಳು ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಹಗೇವಿನೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ ಅಂತ, ದಿನಾ ಬೆಳಿಗ್ಗೆ ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಸಿ, ಅದು ಆರದೆ ಉರಿದರೆ ಮಾತ್ರ ನನ್ನನ್ನು ಇಳಿಯಲು ಬಿಡುತ್ತಾಳೆ. ಇದನ್ನೇ ನೋಡಿ ಯಾರೋ ನಾನು ಗುಂಡಿಗೆ ದೀಪ ತೋರಿಸಿ ಮಾಟ ಮಾಡುತ್ತೇನೆ ಅಂದರಂತೆ. ಮಾಟ ಗೊತ್ತಿದ್ದರೆ ಮೊದಲು ಥೀಸಿಸ್ಸಿನ ಟೈಪಿಂಗ್ ಮಾಡಿಸಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ಆಗಿ ಈ ಹೆಂಗಸು ಅಲ್ಲಿ ಮಾಡುವುದಾದರೂ ಏನು ಅಂತ ಹಿರಿಯರು ಕೇಳಬಹುದು. ನೀವೂ ಆರು ವರ್ಷದಲ್ಲಿ ಒಮ್ಮೆ ಕೇಳಿದ್ದಿರಿ, ಆದರೆ ಅಷ್ಟರಲ್ಲಿ ಯೂರಿಯಾ ಲೋಡು ಬಂತು. ಈಗ ಕೇಳಿ.

ರೊಟ್ಟಿ ಹಾಕುವ ಮುಂಚೆ ಹಂಚು ಕಾದಿದೆಯಾ ಅಂತ ಅತ್ತೆಯವರು ಹೇಗೆ ನೋಡುತ್ತಾರೆ? ಮುಟ್ಟುವುದಿಲ್ಲ. ಅಂಗೈಯನ್ನು ಸ್ವಲ್ಪ ಮೇಲೆ ಹಿಡಿದು ಕಾವು ನೋಡುತ್ತಾರೆ. ಯಾವ ಮೂಲೆ ಹೆಚ್ಚು ಕಾದಿದೆ ಅಂತಲೂ ಹೇಳುತ್ತಾರೆ. ನನ್ನ ಸೂಜಿಯೂ ಹಾಗೆ. ಅದರ ತುದಿಯಲ್ಲಿ ಕೊನೆಗೆ ಉಳಿಯುವುದು ಒಂದೇ ಒಂದು ಪರಮಾಣು. ಚಿನ್ನದ ಮುಖವನ್ನು ಮುಟ್ಟದೆ, ಮುಟ್ಟುವಷ್ಟು ಹತ್ತಿರ ಹೋದರೆ ನಡುವಿನ ಸಂದಿನಲ್ಲಿ ಒಂದಿಷ್ಟು ಕರೆಂಟು ಹಾರುತ್ತದೆ. ಅದರ ಹೆಚ್ಚುಕಡಿಮೆ ನೋಡಿಕೊಂಡು ಸೂಜಿ ಸಾಲುಸಾಲಾಗಿ ಹೋಗಿ ಬಂದು, ಪಕ್ಕದಲ್ಲಿರುವ ಕಂಪ್ಯೂಟರಿನಲ್ಲಿ ನೆಲದ ಏರುತಗ್ಗು ಬರೆಯುತ್ತದೆ. ಆ ಚಿನ್ನದ ನೆಲದ ಮೇಲೆ ನಾನು ಅಲ್ಲಲ್ಲಿ ಪ್ಲಾಟಿನಂ ಕೂರಿಸಿದ್ದೇನೆ. ಬೇಸಿಗೆಯಲ್ಲಿ ಅಂಜನಾಪುರ ಡ್ಯಾಮಿನ ನೀರು ಇಳಿದಾಗ ನಡುನಡುವೆ ದಿಬ್ಬ ಏಳುತ್ತವಲ್ಲ, ಹಾಗೆ ಕಾಣುತ್ತದೆ. ಮೇಲೆ ಆಮ್ಲ. ಕರೆಂಟು ಕೊಟ್ಟರೆ ಆಮ್ಲದಿಂದ ಹೈಡ್ರೋಜನ್ ಹೊರಡುತ್ತದೆ; ಅದನ್ನು ಸುಲಭವಾಗಿ ಹೊರಡಿಸುವುದು ಪ್ಲಾಟಿನಂ. ಮನೆ ಕೆಲಸವೆಲ್ಲ ತಾನು ಮಾಡಿ, ಕೊನೆಗೆ ತಾನು ಮಾತ್ರ ಇದ್ದ ಹಾಗೇ ಇರುತ್ತದೆ. ಸೊಸೆಯ ಹಾಗೆ ಅನ್ನೋಣವೆಂದರೆ, ಸೊಸೆ ಖರ್ಚಾಗುತ್ತಾಳೆ.

ನನ್ನ ಪ್ರಶ್ನೆ ಚಿಕ್ಕದು: ದಿಬ್ಬದ ಯಾವ ಜಾಗ ಈ ಕೆಲಸ ಮಾಡುತ್ತದೆ? ನೆತ್ತಿಯೋ, ಅಂಚೋ? ಜೂನ್‌ನಲ್ಲಿ ಉತ್ತರ ಕಂಡಿತು. ಸೂಜಿ ಚಿನ್ನದ ಬಯಲಲ್ಲಿ ತೆಪ್ಪಗೆ ಹೋಗುತ್ತದೆ, ದಿಬ್ಬದ ನೆತ್ತಿಯಲ್ಲೂ ಹೆಚ್ಚು ಗದ್ದಲವಿಲ್ಲ, ಅಂಚಿಗೆ ಬಂದ ಕೂಡಲೇ ಕರೆಂಟು ಪಟಪಟ ಅಂತ ಅದುರುತ್ತದೆ. ಅಂಜನಾಪುರದಲ್ಲಿ ಕೊಕ್ಕರೆಗಳು ಗುಂಪುಗಟ್ಟುವುದು ಎಲ್ಲಿ? ನೀರಿನ ನಡುವೆಯೂ ಅಲ್ಲ, ದಿಬ್ಬದ ಮೇಲೂ ಅಲ್ಲ, ಎರಡೂ ಸೇರುವ ಕಡೆ. ನನ್ನ ಹೈಡ್ರೋಜನ್ ಕೂಡ ಅಲ್ಲೇ ಸಂತೆ ನೆರೆಸಿದೆ. ನಾನು ಏಣಿ ಹತ್ತಿ ಬಂದು ಅಜ್ಜಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಅವಳು ಗಿರಣಿಯವರನ್ನು ಕೂಗಿದಳು.

ಹೋದ ತಿಂಗಳ ಕೊನೆಗೆ ಗೈಡ್ ಸಾಹೇಬರು ಚಿತ್ರ ನೋಡಿ, ಇದು ಗದ್ದಲ, ತಿದ್ದಿ ನುಣ್ಣಗೆ ಮಾಡಿ ಥೀಸಿಸ್ಸಿಗೆ ಹಾಕಮ್ಮ, ಡಿಗ್ರಿ ತಗೊಂಡು ಮನೆಗೆ ಹೋಗು ಅಂದರು. ಪಕ್ಕದ ಗಿರಣಿ ಅದುರುವುದೇ ನಿನ್ನ ಸೂಜಿಗೆ ಬಂದಿದೆ ಅಂದರು. ನಾನು ಹೇಳಿದೆ, ಸಾರ್, ಗಿರಣಿ ಅದುರಿದರೆ ಬಯಲೂ ಅದುರಬೇಕು, ದಿಬ್ಬವೂ ಅದುರಬೇಕು. ಅಂಚನ್ನೇ ಹುಡುಕಿಕೊಂಡು ಬಂದು ಅದುರಲು ಗಿರಣಿಗೆ ಏನು ಕೆಲಸ? ಹೈಡ್ರೋಜನ್ ಹೊರಡದ ಹಾಗೆ ಕರೆಂಟು ತಗ್ಗಿಸಿದರೆ ಅಂಚೂ ತೆಪ್ಪಗಾಗುತ್ತದೆ, ಗಿರಣಿ ಮಾತ್ರ ಓಡುತ್ತಲೇ ಇರುತ್ತದೆ. ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, ಗಿರಣಿ ನಿಂತ ದಿನವೂ ಇದೇ ಬಂದರೆ ನಾನೇ ಸಹಿ ಹಾಕುತ್ತೇನೆ ಅಂದರು. ಗಿರಣಿಗೆ ರಜ ಭಾನುವಾರ. ಹೋದ ಎರಡು ಭಾನುವಾರ ಕರೆಂಟಿಲ್ಲ. ತಿಂಗಳ ಕೊನೆಗೆ ಥೀಸಿಸ್ ಒಪ್ಪಿಸಬೇಕು, ಅದಕ್ಕೆ ಮುಂಚೆ ಟೈಪಿಂಗ್, ಬೈಂಡಿಂಗ್. ನನಗೆ ಉಳಿದಿರುವುದು ಈ ಭಾನುವಾರ. ಹಿರಿಯರಿಗೂ ಇದೇ ಭಾನುವಾರ ಬೇಕಾಗಿದೆ.

ನಿಮಗೂ ಹಿರಿಯರಿಗೂ ಗೈಡ್ ಸಾಹೇಬರಿಗೂ ಒಂದೇ ಆಸೆ ನೋಡಿ: ಗದ್ದಲ ತೆಗೆದು ನುಣ್ಣಗೆ ಮಾಡಬೇಕು. ಸಾಹೇಬರು ಕೊನೆಗಾದರೂ ನನ್ನ ಮಾತನ್ನು ಪರೀಕ್ಷೆಗೆ ಹಚ್ಚಲು ಒಪ್ಪಿದರು.

ಈಗ ತಾಳಿಯ ವಿಷಯ. ಯುಗಾದಿಗೆ ನೀವು ಇಲ್ಲಿಗೆ ಬಂದಾಗ ತಾಳಿಸರದ ಕೊಂಡಿ ಕಳಚಿತು. ನೀವೇ ತೆಗೆದುಕೊಂಡು, ನಮ್ಮ ಪತ್ತಾರರ ಹತ್ತಿರ ಹಾಕಿಸಿಕೊಂಡು ಬರ್ತೀನಿ ಅಂದಿರಿ. ಅಜ್ಜಿ ಅವತ್ತೇ ಅರಿಶಿನದ ಕೊಂಬು ಕಟ್ಟಿದಳು. ಮೇ ತಿಂಗಳಲ್ಲಿ ಎಸ್‌ಟಿಡಿ ಬೂತಿನಿಂದ ನಾನು ಕೇಳಿದಾಗ, "ಆಗಿದೆ ಮಾರಾಯ್ತಿ, ಅಂಗಡಿ ಗಲ್ಲಾಪೆಟ್ಟಿಗೆಯಲ್ಲಿದೆ, ಬಂದಾಗ ತರ್ತೀನಿ" ಅಂದಿರಿ. ಇವತ್ತಿಗೂ ಅದು ಅಲ್ಲೇ ಇದೆ, ಪತ್ತಾರರ ಗುಲಾಬಿ ಕಾಗದದ ಪೊಟ್ಟಣದಲ್ಲಿ, ಚಿಲ್ಲರೆಯ ಪಕ್ಕ. ನಿಮ್ಮ ಚಿಕ್ಕಪ್ಪ ಬಂದು ತಾಳಿ ಕರಗಿತು ಅಂತ ಪಡಸಾಲೆಯಲ್ಲಿ ಸಾರುವಾಗ ಆ ಗಲ್ಲಾದ ಕೀಲಿ ನಿಮ್ಮ ಸೊಂಟದಲ್ಲಿತ್ತು. ಅತ್ತೆಯವರು ಎರಡು ದಿನ ಊಟ ಬಿಟ್ಟರಂತೆ. ಆಗಲೂ ಅಲ್ಲೇ ಇತ್ತು.

ಯಾಕೆ ಸುಮ್ಮನಿದ್ದಿರಿ ಅಂತ ಬಹಳ ಯೋಚಿಸಿದೆ. ಮೊದಲು ಮರೆತಿರಿ; ಅದು ನಿಮ್ಮ ಸ್ವಭಾವ, ತಕರಾರಿಲ್ಲ. ಆಮೇಲೆ ಹೆಂಡತಿಯ ತಾಳಿಯನ್ನು ಯೂರಿಯಾ ರಸೀದಿಯ ಜೊತೆ ಇಟ್ಟಿದ್ದೀಯಾ ಅಂತ ಅಮ್ಮ ಬೈಯುತ್ತಾರೆ ಅಂತ ಹೆದರಿದಿರಿ. ಅದಕ್ಕೂ ತಕರಾರಿಲ್ಲ, ಅತ್ತೆಯವರ ಬೈಗುಳ ನಾನೂ ಕೇಳಿದ್ದೇನೆ. ಆದರೆ ಮೂರನೆಯದೊಂದು ಇದೆ. ಈ ಸುದ್ದಿಯಾದರೂ ಅವಳನ್ನು ಎಳೆದುಕೊಂಡು ಬರಲಿ ಅಂದುಕೊಂಡಿರಿ. ಬಾ ಅಂತ ನೀವೇ ಕರೆಯಬಹುದಿತ್ತು ರೀ. ಮನೆ ಬಿಕೋ ಅನ್ನುತ್ತದೆ ಅಂತ ಒಂದು ಸಾಲು ಬರೆದಿದ್ದರೆ, ಬರದಿದ್ದರೂ ಆ ಕಾರ್ಡನ್ನು ಹಗೇವಿನ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದೆ. ಅದು ಬಿಟ್ಟು ಊರವರ ಸುಳ್ಳನ್ನು ಹಗ್ಗ ಮಾಡಿಕೊಂಡಿರಿ.

ಆದ್ದರಿಂದ ಭಾನುವಾರದ ಏರ್ಪಾಡು ನಾನೇ ಮಾಡಿದ್ದೇನೆ. ಬೆಳಿಗ್ಗೆ ಕಂದೀಲು ಇಳಿಸಿ ಪ್ರಯೋಗ ಶುರು ಮಾಡುತ್ತೇನೆ, ಸಂಜೆಯ ತನಕ ಮುಗಿಯುವುದಿಲ್ಲ. ಹಿರಿಯರು ಬರಲಿ. ಅಜ್ಜಿ ಉಪ್ಪಿಟ್ಟು ಮಾಡುತ್ತಾಳೆ, ಬೆಲ್ಲ ಜಾಸ್ತಿ ಹಾಕಿ ಚಹಾ ಕೊಡುತ್ತಾಳೆ. ಅಂಗಳದಲ್ಲಿ ಮಾತ್ರ ಯಾರೂ ಓಡಾಡಬಾರದು. ನಿಮ್ಮ ಚಿಕ್ಕಪ್ಪನವರ ನಡಿಗೆ ಒಂದಕ್ಕೇ ನನ್ನ ಪರಮಾಣುಗಳು ಊರು ಬಿಡುತ್ತವೆ. ಕೂತಲ್ಲೇ ಪಂಚಾಯ್ತಿ ಮಾಡಲಿ. ನಾನು ಮೇಲೆ ಬರುವುದಿಲ್ಲ, ಕುತ್ತಿಗೆ ತೋರಿಸುವುದೂ ಇಲ್ಲ. ಬಂದವರೆಲ್ಲ ನೋಡಿ ಪಂಚನಾಮೆ ಬರೆದುಕೊಂಡು ಹೋಗಲು ಅದು ಸರ್ವೆ ಕಲ್ಲಲ್ಲ. ಆ ಪೊಟ್ಟಣ ಇವತ್ತೇ ನನ್ನ ಕೈಗೆ ಬಂದು, ನಾನು ಹಾಕಿಕೊಂಡಿದ್ದರೂ, ಸೆರಗು ಹೊದ್ದುಕೊಂಡೇ ಇರುತ್ತಿದ್ದೆ.

ಹೇಳುವ ಬಾಯಿ ನಿಮ್ಮದು. ಹಿರಿಯರ ಮುಂದೆ ಒಂದೇ ಒಂದು ಮಾತು: ತಾಳಿ ನನ್ನ ಹತ್ತಿರವೇ ಇತ್ತು, ನಾನು ಸುಮ್ಮನಿದ್ದೆ. ಅದನ್ನು ಹೇಳಿದರೆ, ಥೀಸಿಸ್ ಒಪ್ಪಿಸಿದ ಮರುದಿನ ನಾನಾಗಿಯೇ ಬಸ್ಸು ಹತ್ತಿ ಬರುತ್ತೇನೆ, ಯಂತ್ರ ಇಲ್ಲೇ ಇರುತ್ತದೆ, ಬೇಕಾದಾಗ ನಾನು ಬಂದು ಹೋಗುತ್ತೇನೆ. ಹೇಳದಿದ್ದರೆ ಆ ಪೊಟ್ಟಣ ನಿಮ್ಮ ಗಲ್ಲಾದಲ್ಲೇ ಇರಲಿ. ಸೋಡಚೀಟಿಗೆ ಸಹಿ ಹಾಕಲು ನನಗೆ ಹಿರಿಯರು ಬೇಕಿಲ್ಲ, ಪೆನ್ನು ಇದೆ.

ಊಟ ಸರಿಯಾಗಿ ಮಾಡಿ. ಗೊಬ್ಬರದ ಮೂಟೆ ನೀವೇ ಎತ್ತಬೇಡಿ, ಬೆನ್ನಿಗೆ ಆಗುವುದಿಲ್ಲ.

ಗದ್ದಲದ ಅಂಚಿನಿಂದ,
ಕರಗದ
ಗಂಗಾಶ್ರೀ

ತಾ.ಕ.: ಇದನ್ನು ಕಾರ್ಬನ್ ಇಟ್ಟು ಬರೆದಿದ್ದೇನೆ. ಅಡಿಯ ಪ್ರತಿ ಅತ್ತೆ ವನಜಮ್ಮನವರ ಹೆಸರಿಗೆ, ರಿಜಿಸ್ಟರ್ ಅಂಚೆಯಲ್ಲಿ, ನಿಮ್ಮದು ಹೋದ ಮರುದಿನ ಹೊರಡುತ್ತದೆ. ಅದಕ್ಕೆ ಮುಂಚೆ ನೀವೇ ಹೇಳಿಬಿಟ್ಟರೆ ನಿಮಗೇ ಮರ್ಯಾದೆ. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಅವರಿಗೆ ಬರುವ ಪತ್ರಗಳನ್ನೆಲ್ಲ ಓದಿ ಹೇಳುವವರು ನೀವೇ ಅಲ್ಲವಾ? ಇದನ್ನೂ ಓದಿ, ಗಟ್ಟಿಯಾಗಿ, ತಾಮ್ರದ ಸಾಲನ್ನೂ ಸೇರಿಸಿ. ಹಾಳೆ ಹಾರಿಸಬೇಡಿ, ಒಟ್ಟು ಎಷ್ಟು ಹಾಳೆ ಅಂತ ನಾನು ಫೋನಿನಲ್ಲಿ ಅವರಿಗೆ ಹೇಳಿಯಾಗಿದೆ. ಎಣಿಸಿಕೊಂಡು ಕೂರುತ್ತೇನೆ ಅಂದಿದ್ದಾರೆ.